ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ

ಧಾನ್ಯವು ಕಣಜದಲ್ಲಿದ್ದು ಒಳ್ಳೆಯ ಧಾರಣೆಯನ್ನು ಕಾಯಬಲ್ಲುದು, ಫಲಶಾಕಗಳು ಕಾಯಲಾರವು. ಕೊಯ್ದ ದ್ರಾಕ್ಷಿಯು ಹೊತ್ತು ಕಳೆದಂತೆ ಬಾಡುವುದರಿಂದ, ಅದನ್ನು ಪೇಟೆಗೆ ತಂದ ಸಣ್ಣ ಬೇಸಾಯಗಾರನು ದಲ್ಲಾಳಿಯು ಹೇಳಿದ ಬೆಲೆಗೇ ಒಪ್ಪಬೇಕಾಗುತ್ತಿದ್ದಿತು. ಮರಳಿ ಒಯ್ದರೆ ಗಾಡಿಯ ಬಾಡಿಗೆಯೂ ನಷ್ಟವೇ.

ಬೆಂಗಳೂರಿನ ಸುತ್ತಣ ಗ್ರಾಮಗಳಲ್ಲಿ 'ಬೆಂಗಳೂರು ನೀಲಿ' ಎಂಬ ದ್ರಾಕ್ಷಿಯನ್ನು ಬೆಳೆಯುತ್ತಿದ್ದವರ ಹಿತಕ್ಕಾಗಿ, ತೋಟಗಾರಿಕೆಯಲ್ಲಿ ವಿದ್ವಾಂಸರಾದ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣ ಸಹಕಾರ ಸಂಘವು ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಇತರ ಹಣ್ಣು ತರಕಾರಿಗಳೂ ಅದರ ವ್ಯಾಪ್ತಿಗೆ ಸೇರಿ, ಆ ಸಂಘವೇ ಹಾಪ್‌ಕಾಮ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಬೆಳೆಗಾರರಿಂದ ನೇರವಾಗಿ ಕೊಂಡು, ನಗರದಲ್ಲಿರುವ ತನ್ನ ಮಳಿಗೆಗಳಲ್ಲಿ ಆಯಾ ದಿನದ ದರವನ್ನು ಹಲಗೆಯ ಮೇಲೆ ಬರೆದು, ತೂಗಿ ಮಾರುವುದು ಅದರ ಕ್ರಮವು. ಬೆಲೆಯೂ ತೂಕವೂ ಎಲ್ಲರ ಕಣ್ಣೆದುರಿಗೆ ನಡೆಯುವುದೇ ಈ ವ್ಯವಸ್ಥೆಯ ಜೀವಾಳವು.

ಆದರೆ ಮಳಿಗೆಯು ಮಾರಬಲ್ಲಷ್ಟನ್ನೇ ಸಂಘವು ಕೊಳ್ಳಬಲ್ಲುದು. ಉಳಿದುದು ಮತ್ತೆ ಹಳೆಯ ಪೇಟೆಗೇ ಹೋಗಬೇಕಾಗುವುದು. ಆದುದರಿಂದ ಬೆಳೆಗಾರನ ಸ್ವಾತಂತ್ರ್ಯವು ಅವನು ಸಂಘವನ್ನು ಸೇರಿದ ಮಾತ್ರಕ್ಕೆ ಪೂರ್ಣವಾಗದು. ಆ ಮಳಿಗೆಯ ಬಾಗಿಲಿಗೆ ಚೀಲವನ್ನು ಹಿಡಿದು ಬರುವ ನಗರವಾಸಿಯನ್ನೂ ಅದು ಅವಲಂಬಿಸಿರುವುದು.