ಸಪ್ಪಳ ಹೆಚ್ಚಾದರೆ ಶಕ್ತಿ ಹೆಚ್ಚಾಗುತ್ತಾ?

ಹೋದ ಸುಗ್ಗಿಗೆ ಊರಿಗೆ ಹೋದಾಗ ಮಸ್ಕಿ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಟ್ರ್ಯಾಕ್ಟರ್ ಹಾದು ಹೋಯಿತು. ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು ಹಾಕಿ ಬರೀ ಉದ್ದನೆಯ ಪೈಪು ನಿಲ್ಲಿಸಿದ್ದರು. ಚಹಾದಂಗಡಿಯವರೆಲ್ಲ ಕಿವಿ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ನಮ್ಮ ಕಾಕಾ ಮಾತ್ರ ತಿರುಗಿಯೂ ನೋಡಲಿಲ್ಲ. ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು. ಈಗ ಅವನ ಜೊತೆ ಮಾತಾಡಬೇಕಂದ್ರೆ ಕೂಗಬೇಕು.

ಬೆಂಗಳೂರಿನ ರೆಸಾರ್ಟುಗಳಲ್ಲಿ ದಪ್ಪ ಗಾಲಿಯ ಎಟಿವಿ ಓಡಿಸಿರುತ್ತೀರಿ. ನಮ್ಮ ಕಡೆ ಎಲ್ಲಾ ನೆಲದ ಮೇಲೂ ಹೋಗೋ ಗಾಡಿ ಅಂದ್ರೆ ಟ್ರ್ಯಾಕ್ಟರೇ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ರಸ್ತೆಯ ಮೇಲಿನ ಊರುಗಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಮುಂದೆ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕ್ಯಾಂಪು ಕಟ್ಟಿಕೊಂಡರು. ನೀರು ನಿಂತ ಎರೆ ಮಣ್ಣು ಎತ್ತುಗಳ ಕಾಲನ್ನು ಹಿಡಿದುಕೊಂಡು ಬಿಡುತ್ತೆ. ಅಲ್ಲಿಗೆ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡ ಟ್ರ್ಯಾಕ್ಟರ್ ಇಳಿಯಿತು.

ಅದರ ಸೈಲೆನ್ಸರ್ ಬಾನೆಟ್ಟಿನ ಪಕ್ಕ ಮೇಲಕ್ಕೆ ನಿಂತಿರುವುದಕ್ಕೂ ಕಾರಣ ಉಂಟು. ಬಿಸಿ, ಕಿಡಿ ಒಣ ಹುಲ್ಲಿಗೆ ತಾಗಬಾರದು, ಕೆಸರು ಒಳಗೆ ಹೋಗಬಾರದು. ಹೊಗೆ ಮೇಲೆ ಹೋಗುತ್ತೆ. ಸಪ್ಪಳ ಮಾತ್ರ ಸೀದಾ ಡ್ರೈವರ್ ಕಿವಿಗೆ.

ಆ ಪೈಪು ನಿಲ್ಲಿಸಿದ ಹುಡುಗನಿಗೆ ಬೈಯುವ ಮುಂಚೆ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕಾಕಾನ ಹತ್ತಿರ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ ಬೈಕು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಪೆಟ್ರೋಲ್ ಜೊತೆ ಆಯಿಲ್ ಉರಿಯುವುದರಿಂದ ಸೈಲೆನ್ಸರ್ ಒಳಗಿನ ಬ್ಯಾಫಲ್ ಕೊಳವೆಗೆ ಮಸಿ ಕಟ್ಟುತ್ತೆ. ಮೆಕ್ಯಾನಿಕ್‌ಗಳು ಅದನ್ನು ತೆಗೆದು, ಬೆಂಕಿಯಲ್ಲಿ ಸುಟ್ಟು, ಉಜ್ಜಿ ಮತ್ತೆ ಹಾಕುತ್ತಾರೆ. ನಾನು ಪಿಯುಸಿಯಲ್ಲಿದ್ದಾಗ ತೆಗೆದೆ, ಸುಟ್ಟೆ. ಹಾಕಲಿಲ್ಲ! ಸಪ್ಪಳ ಪಕ್ಕದೂರಿಗೆ ಕೇಳಿತು, ಗತ್ತು ಬಂತು. ಆದ್ರೆ ಡಬಲ್ ಕೂತರೆ ದಿನ್ನೆ ಹತ್ತಲಿಲ್ಲ. "ಮೊದ್ಲು ಹೆಂಗಿತ್ತೋ ಹಂಗ ಮಾಡಿಡು ತಮ್ಮಾ" ಅಂದಿದ್ದ ಕಾಕಾ.

ಯಾಕೆ ಹಾಗಾಯಿತು ಅಂತ ಗೊತ್ತಾಗಿದ್ದು ಬಿಇ ಓದುವಾಗ. ಟೂ-ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಕೂಡ ಎಂಜಿನ್ನಿನ ಭಾಗವೇ. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಪೈಪಿನೊಳಗೆ ತಾಗಿ ವಾಪಸ್ ಬಂದು, ಹೊರಗೆ ಜಾರುತ್ತಿದ್ದ ತಾಜಾ ಪೆಟ್ರೋಲನ್ನು ಸಿಲಿಂಡರಿಗೆ ತಳ್ಳಬೇಕು. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಇದನ್ನೇ ಪಳಗಿಸಿದ. 1961ರಲ್ಲಿ ಅವನ ರೇಸರ್ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ ಆ ಗುಟ್ಟನ್ನು ಸುಜುಕಿಗೆ ಕೊಟ್ಟ. 1962ರಲ್ಲಿ ಸುಜುಕಿ ಮೇಲೇ 50 ಸಿಸಿ ವಿಶ್ವ ಚಾಂಪಿಯನ್ ಆದ. ಗೆಲ್ಲಿಸಿದ್ದು ಪೈಪಿನ ಆಕಾರ, ನಾನು ಅದನ್ನೇ ಕೆಡಿಸಿದ್ದೆ.

ಇದಕ್ಕೂ ಹಳೆಯ ಇನ್ನೊಂದು ಕಥೆ ಇದೆ. ಮೆಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ವರ್ಷಗಟ್ಟಲೆ ಅದರ ಸದ್ದು ಕೇಳಿ ಕೇಳಿ ಕಿವುಡನಾದ. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಮುಂದೆ ಎಂಜಿನ್ನುಗಳಿಗೂ ಸೈಲೆನ್ಸರ್ ಮಾಡಿದ. ಅಪ್ಪ ಮಾಡಿದ ಸಪ್ಪಳಕ್ಕೆ ಮಗ ಮುಚ್ಚಳ ಹುಡುಕಿದ. ನಮ್ಮೂರಲ್ಲಿ ಉಲ್ಟಾ: ಅಪ್ಪಂದಿರ ಕಿವಿ ಹೋಗಿದೆ, ಮಕ್ಕಳು ಸೈಲೆನ್ಸರ್ ಕೀಳುತ್ತಿದ್ದಾರೆ.

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ದಾಟಬಾರದು ಅನ್ನುವುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತೆ, 88ಕ್ಕೆ 4 ತಾಸು, 91ಕ್ಕೆ 2. ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದ ಪ್ರಕಾರ ಟ್ರ್ಯಾಕ್ಟರಿಗೂ ಸೈಲೆನ್ಸರ್ ಕಡ್ಡಾಯ. ಆದರೆ ಗದ್ದೆಯೊಳಗೆ ಯಾವ ಪೊಲೀಸ್ ಬರುತ್ತಾನೆ?

ಆ ಟ್ರ್ಯಾಕ್ಟರ್ ಹುಡುಗ ನಮ್ಮ ಓಣಿಯವನೇ. ಸಂಜೆ ಸಿಕ್ಕಾಗ ಅಲೆ, ಒತ್ತಡ ಅಂತೆಲ್ಲ ಹೇಳಿದೆ. ನಕ್ಕ. "ಕಾಕಾನ ಜೊತಿ ಒಂದು ತಾಸು ಕುಂತು ಮಾತಾಡು, ಆಮ್ಯಾಲೆ ಹೇಳು" ಅಂದೆ. ನಗು ನಿಂತಿತು. ಪೈಪು ತೆಗೆದನೋ ಇಲ್ಲವೋ, ಮುಂದಿನ ಸುಗ್ಗಿಗೆ ಹೋದಾಗ ನೋಡಬೇಕು.