ಜಾಲಪುಟದ ವೇಗ: ೧೯೯೯ರ ವಿವಾದವೊಂದರ ಪುನರ್ವಿಮರ್ಶೆ

೧೯೯೯ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಅಮೆರಿಕದ ಪರೀಕ್ಷಣ ಸಂಸ್ಥೆಯು ಪ್ರಕಟಿಸಿದ ವರದಿಯೊಂದು ಗಣಕತಜ್ಞರಲ್ಲಿ ತೀವ್ರವಾದ ವಾಗ್ವಾದಕ್ಕೆ ಕಾರಣವಾಯಿತು. ನಾಲ್ಕು ಪ್ರೊಸೆಸರುಗಳುಳ್ಳ ಸರ್ವರ್ ಒಂದರ ಮೇಲೆ ವಿಂಡೋಸ್ ಎನ್‌ಟಿ ೪.೦ ಮತ್ತು ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಒಂದಾದಮೇಲೊಂದರಂತೆ ನಡೆಸಿ, ಜಾಲಪುಟಗಳನ್ನು ಒದಗಿಸುವ ಸಾಮರ್ಥ್ಯವನ್ನು ಅಳೆದಾಗ, ಮೊದಲನೆಯದು ಎರಡನೆಯದಕ್ಕಿಂತ ೩.೭ ಪಟ್ಟು ಮುಂದೆಂದು ಕಂಡುಬಂದಿತು. ಪರೀಕ್ಷೆಯ ಪ್ರಾಯೋಜಕರು ಮೈಕ್ರೋಸಾಫ್ಟ್ ಸಂಸ್ಥೆಯವರೇ ಆಗಿದ್ದುದರಿಂದ ಲಿನಕ್ಸ್ ಪಕ್ಷದವರು ಆ ಫಲಿತಾಂಶವನ್ನು ಒಪ್ಪಲಿಲ್ಲ. ಅದೇ ವರ್ಷದ ಜೂನಿನಲ್ಲಿ ಲಿನಕ್ಸ್ ತಜ್ಞರ ಸಮ್ಮುಖದಲ್ಲಿ ಪರೀಕ್ಷೆ ಮತ್ತೆ ನಡೆಯಿತು. ಅಂತರ ಕುಗ್ಗಿತಾದರೂ ವಿಂಡೋಸಿನ ಮೇಲುಗೈ ಅಳಿಯಲಿಲ್ಲ.

ಕಾರಣವೂ ಬೆಳಕಿಗೆ ಬಂದಿತು. ಆಗಿನ ಲಿನಕ್ಸ್ ಕರ್ನೆಲಿನಲ್ಲಿ ಜಾಲಸಂಪರ್ಕದ ಕೆಲಸವು ನಾಲ್ಕು ಪ್ರೊಸೆಸರುಗಳಿಗೆ ಸರಿಯಾಗಿ ಹಂಚಿಹೋಗುತ್ತಿರಲಿಲ್ಲ. ಒಂದು ಕರೆ ಬಂದೊಡನೆ, ಅದಕ್ಕಾಗಿ ಕಾದು ಮಲಗಿದ್ದ ಕಾರ್ಯಕ್ರಮಗಳೆಲ್ಲವೂ ಏಕಕಾಲಕ್ಕೆ ಎಚ್ಚರಗೊಳ್ಳುತ್ತಿದ್ದವು. ೨೦೦೧ರ ಜನವರಿಯಲ್ಲಿ ಹೊರಬಂದ ೨.೪ನೆಯ ಕರ್ನೆಲಿನಲ್ಲಿ ಈ ದೋಷಗಳನ್ನು ಬಹುಮಟ್ಟಿಗೆ ತಿದ್ದಲಾಯಿತು. ವಿವಾದದ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುವುದುಂಟು. ಆದರೆ ವರದಿಯ ಪ್ರಾಯೋಜಕರು ಯಾರೆಂದು ಕೇಳಿದಷ್ಟೇ ಆಸಕ್ತಿಯಿಂದ, ಅದು ಅಳೆದದ್ದಾದರೂ ಏನನ್ನು ಎಂದು ಕೇಳಿದವರು ವಿರಳ. ಪುಟಕ್ಕಾಗಿ ಕಾದು ಕುಳಿತ ಓದುಗನ ಕಾಲವನ್ನಂತೂ ಅದು ಅಳೆಯಲಿಲ್ಲ.

ಆ ಯಂತ್ರಕ್ಕೆ ತಲಾ ೧೦೦ ಮೆಗಾಬಿಟ್ ವೇಗದ ನಾಲ್ಕು ಜಾಲ ಕಾರ್ಡುಗಳಿದ್ದವು. ಅಂದರೆ ಪರೀಕ್ಷೆಯ ಹಾದಿ ಸೆಕೆಂಡಿಗೆ ಒಟ್ಟು ೪೦೦ ಮೆಗಾಬಿಟ್ಟುಗಳದು. ಅಂದು ಅಮೆರಿಕದ ಅನೇಕ ಸಂಸ್ಥೆಗಳು ಬಾಡಿಗೆಗೆ ಪಡೆಯುತ್ತಿದ್ದ ಟಿ-೧ ಮಾರ್ಗದ ವೇಗ ಕೇವಲ ೧.೫ ಮೆಗಾಬಿಟ್, ಮನೆಯ ಓದುಗನ ಮೋಡೆಮ್ ಹೆಚ್ಚೆಂದರೆ ೫೬ ಕಿಲೋಬಿಟ್ಟಿನದು. ೫೦ ಕಿಲೋಬೈಟಿನ ಪುಟವೊಂದು ಆ ಮೋಡೆಮಿನ ಮೂಲಕ ಇಳಿಯಲು ಏಳು ಸೆಕೆಂಡಿಗೂ ಮಿಗಿಲಾದ ಕಾಲ ಬೇಕು. ಸಿದ್ಧಪುಟವನ್ನು ಹೊರಡಿಸಲು ಬಿಡುವಿರುವ ಸರ್ವರಿಗೆ ಬೇಕಾದುದು ಸೆಕೆಂಡಿನ ಅತ್ಯಲ್ಪ ಅಂಶ. ಗದ್ದೆಗೆ ಹೋಗುವ ಕಾಲುವೆ ಇಕ್ಕಟ್ಟಾಗಿರುವಾಗ ಕೆರೆಯ ತೂಬನ್ನು ಎಷ್ಟು ಅಗಲಿಸಿದರೇನು? ಏಕಕಾಲದಲ್ಲಿ ಸಾವಿರಾರು ಮಂದಿ ಬರುವ ತಾಣಗಳಿಗೆ ಆ ಪರೀಕ್ಷೆ ನಿರರ್ಥಕವಾಗಿರಲಿಲ್ಲವೆಂಬುದನ್ನೂ ಹೇಳಬೇಕು.

ಕಾಲುವೆಯ ಅಗಲದಷ್ಟೇ ಮುಖ್ಯವಾದ ಇನ್ನೊಂದು ಕಾರಣವನ್ನು ೧೯೯೪ರಲ್ಲಿಯೇ ವೆಂಕಟ ಪದ್ಮನಾಭನ್ ಮತ್ತು ಜೆಫ್ರಿ ಮೊಗಲ್ ಎಂಬ ಸಂಶೋಧಕರು ವಿವೇಚಿಸಿದ್ದರು. (ಇವರಲ್ಲಿ ಪದ್ಮನಾಭನ್ ಅವರು ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ನೆಲೆಸಿದರು.) ಸಂದೇಶವೊಂದು ಹೋಗಿ ಅದರ ಉತ್ತರ ಹಿಂದಿರುಗುವುದನ್ನು ಒಂದು ಯಾತಾಯಾತವೆಂದು ಕರೆಯೋಣ. ಎಚ್‌ಟಿಟಿಪಿ ಪ್ರೋಟೊಕಾಲಿನ ಮೊದಲ ರೂಪದಲ್ಲಿ ಪುಟಕ್ಕೂ ಅದರ ಪ್ರತಿಯೊಂದು ಚಿತ್ರಕ್ಕೂ ಹೊಸದಾಗಿ ಟಿಸಿಪಿ ಸಂಪರ್ಕ ಏರ್ಪಡಬೇಕಾಗಿತ್ತು: ಸಂಪರ್ಕಕ್ಕೆ ಒಂದು ಯಾತಾಯಾತ, ಕೋರಿಕೆಗೆ ಮತ್ತೊಂದು. ಹತ್ತು ಚಿತ್ರಗಳ ಪುಟಕ್ಕೆ ಇಪ್ಪತ್ತೆರಡು. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಕ್ಕೆ ಸುಮಾರು ೧೪,೦೦೦ ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹಾದಿ ನೇರವಾಗಿದ್ದರೂ ಒಂದು ಯಾತಾಯಾತಕ್ಕೆ ೦.೧೪ ಸೆಕೆಂಡು ತಪ್ಪದು; ಇಪ್ಪತ್ತೆರಡಕ್ಕೆ ಮೂರು ಸೆಕೆಂಡು. ಸರ್ವರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದ್ದರೂ ಈ ಮೂರು ಸೆಕೆಂಡುಗಳಲ್ಲಿ ಒಂದು ನಿಮಿಷಾರ್ಧವನ್ನೂ ಕಡಿಮೆ ಮಾಡಲಾರದು. ಬ್ರೌಸರುಗಳು ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆದು ಈ ಕಾಲವನ್ನು ಹಂಚಿಕೊಳ್ಳುತ್ತಿದ್ದುದು ನಿಜ. ಆದರೆ ಒಂದೇ ಸಂಪರ್ಕವನ್ನು ಉಳಿಸಿಕೊಂಡು ಕೋರಿಕೆಗಳನ್ನು ಒಟ್ಟಿಗೆ ಕಳುಹಿಸಿದರೆ ತಾತ್ತ್ವಿಕವಾಗಿ ಮೂರೇ ಯಾತಾಯಾತಗಳು ಸಾಕು.

೧೯೯೭ರ ಎಚ್‌ಟಿಟಿಪಿ ೧.೧ ಇದಕ್ಕೆ ಅವಕಾಶವಿತ್ತಿತು. ಆ ವರ್ಷವೇ ಪ್ರಕಟವಾದ ಡಬ್ಲ್ಯು೩ ಕನ್ಸಾರ್ಷಿಯಮ್ಮಿನ ಪರೀಕ್ಷೆಯ ಒಂದು ಫಲಿತಾಂಶ ಗಮನಾರ್ಹವಾದುದು: ಸಂಪರ್ಕವನ್ನು ಉಳಿಸಿಕೊಂಡು, ಕೋರಿಕೆಗಳನ್ನು ಮಾತ್ರ ಒಂದೊಂದಾಗಿಯೇ ಕಳುಹಿಸಿದರೆ, ಹಲವು ಸಂಪರ್ಕಗಳ ಹಳೆಯ ಪದ್ಧತಿಗಿಂತಲೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಆದಕಾರಣ ಕೋರಿಕೆಗಳನ್ನು ಸಾಲಾಗಿ ಕಳುಹಿಸುವುದು ಅಗತ್ಯವಾಯಿತು. ಆದರೆ ಉತ್ತರಗಳು ಬಂದ ಕ್ರಮದಲ್ಲಿಯೇ ಹೊರಡಬೇಕೆಂಬ ನಿಯಮದಿಂದ, ಮುಂದಿನದು ತಡವಾದರೆ ಹಿಂದಿನವೆಲ್ಲ ತಡೆಹಿಡಿಯಲ್ಪಡುತ್ತಿದ್ದವು. ನಡುವಣ ಯಂತ್ರಗಳ ದೋಷಗಳೂ ಸೇರಿ ಆ ವಿಧಾನ ಬಳಕೆಗೆ ಬರಲಿಲ್ಲ. ಗೂಗಲ್ ೨೦೦೯ರಲ್ಲಿ ಪ್ರಕಟಿಸಿದ ಸ್ಪೀಡಿ ಎಂಬ ಪ್ರಯೋಗದಿಂದ ಹುಟ್ಟಿ ೨೦೧೫ರಲ್ಲಿ ಅಂಗೀಕೃತವಾದ ಎಚ್‌ಟಿಟಿಪಿ ೨ರಲ್ಲಿ, ಒಂದೇ ಸಂಪರ್ಕದೊಳಗೆ ಉತ್ತರಗಳು ಬೆರೆತು ಬರುವಂತಾಯಿತು.

ಹಾಗಾದರೆ ಆಪರೇಟಿಂಗ್ ಸಿಸ್ಟಂಗೆ ಪುಟದ ವೇಗದಲ್ಲಿ ಪಾಲೇ ಇಲ್ಲವೆ? ಇದೆ, ಆದರೆ ಅದು ಸ್ಪರ್ಧಿಗಳು ಹುಡುಕಿದ ಸ್ಥಳದಲ್ಲಿ ಇರಲಿಲ್ಲ. ಹೊಸ ಸಂಪರ್ಕದಲ್ಲಿ ಮರುಮಾತಿಗೆ ಕಾಯದೆ ಎಷ್ಟು ತುಣುಕುಗಳನ್ನು ಕಳುಹಿಸಬಹುದೆಂಬುದನ್ನು ಕರ್ನೆಲಿನ ಟಿಸಿಪಿ ಭಾಗ ನಿಶ್ಚಯಿಸುತ್ತದೆ. ಸಾಮಾನ್ಯವಾಗಿ ಮೂರರಷ್ಟಿದ್ದ ಈ ಸಂಖ್ಯೆ ೨೦೧೧ರಲ್ಲಿ ಲಿನಕ್ಸಿನಲ್ಲಿ ಹತ್ತಾಯಿತು. ಆದುದರಿಂದ ಸುಮಾರು ೧೪ ಕಿಲೋಬೈಟಿನ ಪುಟವೊಂದು ಮೊದಲ ಉತ್ತರದಲ್ಲಿಯೇ ಪೂರ್ತಿಯಾಗಿ ಬರಬಲ್ಲುದು. ಅಂಕಿಯೊಂದನ್ನು ಬದಲಾಯಿಸಿದ್ದರಿಂದ ಒಂದು ಯಾತಾಯಾತವೇ ಉಳಿಯಿತು.

ಟಿಸಿಪಿಯಲ್ಲಿ ತುಣುಕೊಂದು ಕಳೆದುಹೋದರೆ, ಅದು ಮತ್ತೆ ಬರುವವರೆಗೆ ಹಿಂದಿನವೆಲ್ಲ ನಿಲ್ಲಬೇಕು. ಎಚ್‌ಟಿಟಿಪಿ ೨ ಈ ತೊಡಕನ್ನು ನೀಗಲಾಗಲಿಲ್ಲ. ಕರ್ನೆಲಿನೊಳಗಿನ ಟಿಸಿಪಿಯನ್ನು ತಿದ್ದಿ ಆ ತಿದ್ದುಪಾಟು ಲೋಕದ ಯಂತ್ರಗಳಿಗೆಲ್ಲ ಮುಟ್ಟಬೇಕಾದರೆ ಅನೇಕ ವರ್ಷಗಳು ಹಿಡಿಯುತ್ತವೆ. ಇದನ್ನರಿತು ರೂಪಿಸಿದ ಕ್ವಿಕ್ ಎಂಬ ಪ್ರೋಟೊಕಾಲ್, ಟಿಸಿಪಿಯನ್ನೇ ಬಿಟ್ಟು ಸರಳವಾದ ಯುಡಿಪಿಯ ಮೇಲೆ ನಡೆಯುತ್ತದೆ. ಸಂಪರ್ಕವನ್ನೂ ಗೂಢಲಿಪಿಯ ಒಪ್ಪಂದವನ್ನೂ ಒಂದೇ ಯಾತಾಯಾತದಲ್ಲಿ ಮುಗಿಸುತ್ತದೆ. ೨೦೨೨ರ ಜೂನಿನಲ್ಲಿ ಪ್ರಮಾಣಿತವಾದ ಎಚ್‌ಟಿಟಿಪಿ ೩ ಇದನ್ನೇ ಆಧರಿಸಿದೆ. ಕ್ವಿಕ್ ಬಹುತೇಕ ಕರ್ನೆಲಿನ ಹೊರಗೆ, ಬ್ರೌಸರ್ ಮತ್ತು ಸರ್ವರ್ ತಂತ್ರಾಂಶಗಳೊಳಗೆ ವಾಸಿಸುತ್ತದೆ. ಎರಡು ಕರ್ನೆಲುಗಳ ನಡುವೆ ಹೂಡಿದ್ದ ಪಂದ್ಯದ ಒಂದು ಮುಖ್ಯ ಭಾಗ, ಇಪ್ಪತ್ತಮೂರು ವರ್ಷಗಳ ತರುವಾಯ, ಹೀಗೆ ಕರ್ನೆಲಿನಿಂದಲೇ ಹೊರಬಿದ್ದಿತು.