ಸುಟ್ಟ ಗೇರುಬೀಜದಲ್ಲಿ ಸೊನೆಯ ಭಯ ಇಲ್ಲವೇ?

ಬೇಸಿಗೆ ರಜೆಯಲ್ಲಿ ಬೆಳ್ಳಾರೆ ಕಡೆಯ ಗುಡ್ಡೆಗಳಲ್ಲಿ ಗೇರುಬೀಜ ಹೆಕ್ಕಿ, ತರಗೆಲೆ ಒಟ್ಟುಮಾಡಿ ಸುಟ್ಟು ತಿನ್ನುವುದು ಮಕ್ಕಳ ಹಳೆಯ ಖುಷಿ. ‘ಬೆಂಕಿಗೆ ಹಾಕಿದರೆ ಸೊನೆ ಪೂರ್ತಿ ಹೋಗುತ್ತದೆ’ ಎಂಬ ಮಾತೂ ಹಳೆಯದೇ. 1986ರಿಂದ ಗೇರು ಸಂಶೋಧನಾ ಕೇಂದ್ರವಿರುವ ಪುತ್ತೂರು ಪಕ್ಕದಲ್ಲೇ ಇದ್ದರೂ ಈ ಮಾತು ಹೋಗಿಲ್ಲ. ಅದು ಅರ್ಧ ಮಾತ್ರ ನಿಜ.

ಗೇರುಬೀಜದ ಸಿಪ್ಪೆಯೊಳಗೆ ಜೇನುಗೂಡಿನಂಥ ಕೋಶಗಳಲ್ಲಿ ಎಣ್ಣೆ ತುಂಬಿರುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಬಿಸಿಗೆ ಕಾರ್ಡನಾಲ್ ಆಗಿ ಬದಲಾಗುತ್ತದೆ, ಆಗ ಖಾರ ಕಡಿಮೆಯಾಗುತ್ತದೆ. ಆದರೆ ಕಾರ್ಡಾಲ್ ಎಂಬ ಇನ್ನೊಂದು ಅಂಶ ಉಳಿಯುತ್ತದೆ. ಗೇರು, ಮಾವು, ಮೈ ಊದಿಸುವ ಚೇರೆ ಮರ ಎಲ್ಲವೂ ಒಂದೇ ಕುಟುಂಬದವು. ಸೊನೆ ತಾಗಿದ ಕೂಡಲೇ ಏನೂ ಕಾಣದೆ, ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ ಏಳಬಹುದು. ಹಾಗಾಗಿ ‘ನಮಗೇನೂ ಆಗಲಿಲ್ಲ’ ಎಂದು ಅದೇ ಸಂಜೆ ಹೇಳಿ ಪ್ರಯೋಜನವಿಲ್ಲ.

ಹಾಗಾದರೆ ಸುಡುವುದೇ ಬೇಡವೇ? ಸುಡಿ, ಆದರೆ ಆ ಕೆಲಸ ದೊಡ್ಡವರದ್ದು. ತೂತು ಮಾಡಿದ ಹಳೆ ಡಬ್ಬಿ, ಉದ್ದದ ಕೋಲು ಇರಲಿ. ಎಣ್ಣೆ ಚಿಮ್ಮಿ ಭಗ್ಗೆಂದು ಉರಿಯುತ್ತದೆ, ಹೊಗೆಗೆ ಕಣ್ಣು ಗಂಟಲು ಉರಿಯುತ್ತದೆ. ಮಕ್ಕಳನ್ನು ಹೊಗೆ ಬಾರದ ಬದಿಯಲ್ಲಿ ದೂರ ನಿಲ್ಲಿಸಿ. ಕಪ್ಪಾದ ಬೀಜವನ್ನು ಮಣ್ಣಿಗೆ ಸುರಿದು ತಣಿಸಿ, ಗ್ಲೌಸ್ ಹಾಕಿಕೊಂಡು ಒಡೆಯಿರಿ. ಹಲ್ಲಲ್ಲಿ ಕಚ್ಚಿ ಒಡೆಯುವ ಸಾಹಸ ಬೇಡ. ಮಕ್ಕಳ ಕೈಗೆ ತಿರುಳು ಮಾತ್ರ ಕೊಡಿ. ಸೊನೆ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಮಕ್ಕಳೇ ಸುಡಬೇಕೆಂದು ಹಠ ಹಿಡಿದರೆ ಹಲಸಿನ ಬೀಜ ಇದೆಯಲ್ಲ. ಒಳಗಿನ ನೀರು ಆವಿಯಾಗಿ ಅದು ಸಿಡಿಯುತ್ತದೆ, ಆದ್ದರಿಂದ ನೀವೇ ಒಂದು ಗೀರು ಹಾಕಿ ಕೊಡಿ. ಉರಿ ಇಳಿದ ಮೇಲೆ ಬಿಸಿ ಬೂದಿಯಲ್ಲಿ ಹೂತಿಡಲಿ. ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಡಿ, ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ.